ಗವಿಯ ಬಾಯಲ್ಲಿ ನಿಂತ ಹುಡುಗಿ

ಮಲಪ್ರಭೆಯ ದಂಡೆಯ ಮೇಲೆ ಗುರುಪಾದಜ್ಜನವರ ಆಶ್ರಮ. ಆಶ್ರಮ ಅಂದರೆ ನಾಲ್ಕು ಕೋಣೆ, ಒಂದು ಪಡಸಾಲೆ, ಪಡಸಾಲೆಗೆ ಒಂದೇ ಒಂದು ಪ್ಲಗ್ಗು.

ಆ ಪ್ಲಗ್ಗಿನ ಕೆಳಗೆ ಗೋಡೆಗೊರಗಿ ಕಸ್ತೂರಿ ಕೂತಿರುತ್ತಿದ್ದಳು. ಉಳಿದ ಶಿಷ್ಯರು ಅಜ್ಜನ ಎದುರು ಕೂತರೆ ಇವಳು ಗೋಡೆ ಬಿಟ್ಟು ಬರುತ್ತಿರಲಿಲ್ಲ. ಮಡಿಲಲ್ಲಿ ಅಂಗೈಯಗಲದ, ಪರದೆಯಿರುವ ಆಟದ ಯಂತ್ರ, ಅದರಿಂದ ಪ್ಲಗ್ಗಿಗೆ ವೈರು. ವೈರಾಗ್ಯಕ್ಕೆ ಬಂದವಳಿಗೆ ವೈರು ಯಾಕೆ ಎಂದು ಉಳಿದವರು ಆಡಿಕೊಳ್ಳುತ್ತಿದ್ದರು.

ಒಂದು ದಿನ ಅಜ್ಜನೇ ಎದ್ದು ಗೋಡೆಯ ಹತ್ತಿರ ಹೋದರು.

“ಏನೈತಿ ತಂಗಿ ಇದರಾಗ?”

“ನನ್ನ ಮಗಳ ಆಟ ಐತ್ರಿ ಅಜ್ಜಾರ. ಕಾಡು ಅಲೆದು ವಿಚಿತ್ರ ಪ್ರಾಣಿ ಹಿಡಿಯೋದು, ಸಾಕೋದು, ಬ್ಯಾರೆ ಪ್ರಾಣಿ ಜೋಡಿ ಕಾದಾಡ್ಸೋದು. ಅಕ್ಷತಾ ನೂರಾ ನಲವತ್ತೊಂಬತ್ತು ಹಿಡದಿದ್ಲು. ಎಲ್ಲಕ್ಕೂ ಹೆಸರಿಟ್ಟಾಳ.”

“ಮಗಳು?”

“ಹೋದ್ಲ್ರಿ. ಜ್ವರ ಬಂದಿತ್ತು. ಹದಿಮೂರು ವರ್ಷ.”

ಅಜ್ಜ ಅಲ್ಲೇ ಕೂತರು.

“ಇದನ್ನ ಬಂದ್ ಮಾಡಂಗಿಲ್ಲೇನು?”

“ಬಂದ್ ಮಾಡಿದ್ರ ಎಲ್ಲಾ ಅಳಿಸಿ ಹೊಕ್ಕೈತ್ರಿ. ಆಟ ನೆನಪಿಡಾಕ ಒಳಗ ಒಂದು ಸಣ್ಣ ಸೆಲ್ ಇರ್ತೈತಿ. ಅದು ಮುಗದೈತಿ. ಹೊಸಾದು ಹಾಕಬೇಕಂದ್ರೂ ಒಮ್ಮೆ ಬಂದ್ ಮಾಡಬೇಕು ಅಂದ ರಿಪೇರಿಯವ. ಹಚ್ಚಿದ್ದು ಹಚ್ಚಿದಂಗ ಇದ್ರ ಮಾತ್ರ ಉಳೀತೈತಿ.”

ಅಜ್ಜ ಕನ್ನಡಕ ಸರಿಮಾಡಿಕೊಂಡು ಪರದೆ ನೋಡಿದರು. ಒಂದು ಗವಿ. ಅದರ ಬಾಯಲ್ಲಿ ಟೋಪಿ ಹಾಕಿದ, ಉಗುರಿನಷ್ಟೇ ಗಾತ್ರದ ಹುಡುಗಿ.

“ಈಕಿ ಯಾರು?”

“ಆಟದಾಗಿನ ಹುಡುಗಿ. ಈಕಿಗೂ ಅಕ್ಷತಾ ಅಂತ ತನ್ನ ಹೆಸರ ಇಟ್ಟಾಳ. ದವಾಖಾನಿಗೆ ಹೋಗೋ ದಿನ ಇಲ್ಲಿ ತಂದು ನಿಲ್ಲಿಸಿದ್ಲು. ನಾ ಒಂದು ಹೆಜ್ಜಿ ಸರಿಸಿಲ್ರಿ.”

“ಎಷ್ಟು ದಿನಾತು?”

“ಎರಡು ವರ್ಷ.”

“ಎರಡು ವರ್ಷ ನಿಂತಾಳ. ಕೂಡ್ರು ಅನ್ನವ್ರು ಯಾರೂ ಇಲ್ಲ.”

ಕಸ್ತೂರಿಗೆ ಸಿಟ್ಟು ಬಂತು. ಆ ದಿನ ಅವಳು ಊಟಕ್ಕೂ ಏಳಲಿಲ್ಲ.

ಅದೇ ವಾರ ಹೊಳೆ ಏರಿತು. ಬೆಳಗಿನ ಜಾವ ಕಂಬ ಬಿದ್ದು ಕರೆಂಟು ಹೋಯಿತು. ಸೇತುವೆಯ ಮೇಲೆ ಆಳೆತ್ತರ ನೀರು. ಯಂತ್ರದ ಚಾರ್ಜು ಹತ್ತು ತಾಸು ತಡೆಯುವಂಥದ್ದು. ಆಡಿಕೊಳ್ಳುತ್ತಿದ್ದವರೇ ಅದನ್ನು ತಲೆಯ ಮೇಲಿಟ್ಟುಕೊಂಡು ಕರೆಂಟಿರುವ ಆಚೆ ಊರಿಗೆ ದಾಟಿಸುತ್ತೇವೆಂದು ಹೊರಟರು, ನೀರಿನ ಸೆಳೆತ ನೋಡಿ ತಿರುಗಿ ಬಂದರು.

ಮಧ್ಯಾಹ್ನ ಮೂರಕ್ಕೆ ಯಂತ್ರದ ಕೆಂಪು ದೀಪ ಹತ್ತಿತು.

“ಅಜ್ಜಾರ, ಏನರ ಮಾಡ್ರಿ. ಆಕಿ ಎರಡನೇ ಸಲ ಸಾಯ್ತಾಳ್ರಿ.”

“ನನ್ನ ಕೈಯಾಗ ಏನೂ ಇಲ್ಲ ತಂಗಿ.”

ಕಸ್ತೂರಿ ಗೋಡೆಗೆ ತಲೆ ಚಚ್ಚಿಕೊಂಡಳು. ಅಜ್ಜ ತಮ್ಮ ಅಂಗೈಯನ್ನು ತಲೆಗೂ ಗೋಡೆಗೂ ನಡುವೆ ಇಟ್ಟರು.

“ಆಕಿ ಅಲ್ಲಿಗ್ಯಾಕ ಬಂದಿದ್ಲು?”

“ಗವಿಯೊಳಗ ನೂರೈವತ್ತನೇದು ಐತ್ರಿ. ಕಡೀದು. ಅದನ್ನ ಹಿಡ್ಯಾಕ.”

“ಹಂಗಾದ್ರ ಒಳಗ ಕರ್ಕೊಂಡು ಹೋಗು.”

ಕಸ್ತೂರಿ ಹೆಬ್ಬೆರಳನ್ನು ಗುಂಡಿಯ ಮೇಲಿಟ್ಟಳು. ಒತ್ತಿದಳು. ಹುಡುಗಿ ಒಳಗೆ ನಡೆದಳು.

ಗವಿಯೊಳಗಿನ ಪ್ರಾಣಿ ಭಾರಿ ದೊಡ್ಡದು. ಹಿಡಿದಿದ್ದವುಗಳಲ್ಲಿ ಹುಡುಗಿಯ ಜೊತೆಗಿದ್ದದ್ದು ಆರೇ ಪ್ರಾಣಿ. ಕಸ್ತೂರಿಗೆ ಆಡಲು ಬರುತ್ತಿರಲಿಲ್ಲ. ಉಪ್ಪಿಟ್ಟು ಎಂದು ಅಕ್ಷತಾ ಹೆಸರಿಟ್ಟದ್ದು ಬಿತ್ತು, ಗಣಿತದ ಟೀಚರ್ ಎಂದು ಹೆಸರಿಟ್ಟದ್ದು ಬಿತ್ತು, ನೋಡನೋಡುತ್ತ ಐದೂ ಬಿದ್ದವು. ಹಿಡಿಯಲು ಎಸೆದ ಬಲೆಗಳನ್ನೆಲ್ಲ ಆ ಪ್ರಾಣಿ ಹರಿದು ಹಾಕಿತು. ಒಂದು ಬಲೆ ಉಳಿಯಿತು. ಒಂದು ಪ್ರಾಣಿ ಉಳಿಯಿತು, ಎಲ್ಲಕ್ಕಿಂತ ಸಣ್ಣದು. ಅದರ ಹೆಸರು ಅವ್ವ.

ಕಸ್ತೂರಿ ಕೈ ಹಿಂದೆ ತೆಗೆದಳು.

“ಇದನ್ನ ಒಮ್ಮೆನೂ ಕಾದಾಡಾಕ ಬಿಟ್ಟಿಲ್ರಿ ಆಕಿ. ಬರೇ ಜೋಡಿ ಇಟಗೊಂಡು ತಿರಗ್ತಿದ್ಲು. ಅವ್ವಗ ಏಟು ಬೀಳಬಾರದು ಅಂತಿದ್ಲು.”

“ಮಗಳು ಬ್ಯಾಡ ಅಂದ್ಲು. ಅವ್ವ ಏನಂತಾಳ?”

ಕಸ್ತೂರಿ ಬಿಕ್ಕುತ್ತಲೇ ಒತ್ತಿದಳು. ಅವ್ವ ಮುಂದೆ ಬಂತು. ಏಟು ಬಿತ್ತು. ಜೀವ ತೋರಿಸುವ ಗೆರೆ ಕೂದಲೆಳೆಯಷ್ಟಾಯಿತು, ಆದರೂ ಅವ್ವ ನಿಂತೇ ಇತ್ತು. ಕಸ್ತೂರಿ ಕೊನೆಯ ಬಲೆ ಎಸೆದಳು. ಬಲೆ ಒಮ್ಮೆ ಅಲುಗಿತು. ಇನ್ನೊಮ್ಮೆ ಅಲುಗಿತು.

ಪರದೆ ಆರಿತು.

ಅವಳು ಗುಂಡಿ ಒತ್ತಿದಳು, ಮತ್ತೆ ಮತ್ತೆ ಒತ್ತಿದಳು. ಕರೆಂಟಿಲ್ಲದ ಪ್ಲಗ್ಗಿನಿಂದ ವೈರು ಕಿತ್ತು ಮತ್ತೆ ಚುಚ್ಚಿದಳು.

“ಸಿಕ್ತೋ ಇಲ್ಲೋ, ಅದೂ ಗೊತ್ತಾಗ್ಲಿಲ್ರಿ.”

ಹೊರಗೆ ಹೊಳೆ ಒಂದೇ ಸಮ ಹರಿಯುತ್ತಿತ್ತು. ಕಸ್ತೂರಿ ಆರಿದ ಪರದೆಯನ್ನು ಸೆರಗಿನಿಂದ ಒರೆಸುತ್ತ ಅಂದಳು:

“ಗವಿಯೊಳಗ ಕತ್ತಲ್ರಿ ಅಜ್ಜಾರ. ನನ್ನ ಕೂಸು ಒಬ್ಬಾಕೇನ ಒಳಗ ಉಳೀತು.”

ಅಜ್ಜ ವೈರು ಬಿಡಿಸಿ, ಸುತ್ತಿ, ಅವಳ ಮಡಿಲಲ್ಲಿಟ್ಟರು. ಅವರ ಕಣ್ಣೂ ಒದ್ದೆಯಾಗಿದ್ದವು.

“ಒಬ್ಬಾಕೇನ ಅಲ್ಲ ತಂಗಿ. ಅವ್ವನ್ನ ಕರ್ಕೊಂಡು ಹೋಗ್ಯಾಳ.”