ಕೌದಿಗೆ ಉಣಿಸಿದ ರೊಟ್ಟಿ

ಹಿರೇಕಟಗಿಯ ಮಠವೆಂದರೆ ದೊಡ್ಡದೇನಲ್ಲ. ಒಂದು ಕಲ್ಲಿನ ಪಡಸಾಲೆ, ಒಂದು ಕೋಣೆ, ಮುಂದೊಂದು ಬೇವಿನ ಮರ, ಇಷ್ಟೇ. ಪೂಜ್ಯ ಶ್ರೀ ರೇವಯ್ಯಜ್ಜನವರು ತಮ್ಮ ಆಯುಷ್ಯದ ಬಹುಭಾಗವನ್ನು ಅಲ್ಲಿಯೇ ಸವೆಸಿದರು. ಬೆಳಿಗ್ಗೆ ಜೋಳಿಗೆ ಹಿಡಿದು ಭಿಕ್ಷೆಗೆ ಹೋಗುವರು. ಅಂದಿಗೆ ಸಾಕಾಗುವಷ್ಟು ದೊರೆತೊಡನೆ ಹಿಂದಿರುಗುವರು. ಬತ್ತಿದ ಬಾವಿಯಲ್ಲಿ ನೀರು ಬರಿಸಿದವರಲ್ಲ, ಹಾವಿನ ವಿಷ ಇಳಿಸಿದವರೂ ಅಲ್ಲ. ಪವಾಡ ಬೇಕೆನ್ನುವವರಿಗೆ ಅವರ ಚರಿತ್ರೆ ಸಪ್ಪೆಯೆನಿಸೀತು. ಈ ಪ್ರಸಂಗದಲ್ಲಿಯೂ ಅವರು ಒಂದು ರೊಟ್ಟಿ ಮುರಿದರು, ಅಷ್ಟೇ.

ಅಂದು ಮೊದಲ ಮನೆಯಲ್ಲಿಯೇ ರೊಟ್ಟಿ ದೊರೆತದ್ದರಿಂದ ಅಜ್ಜನವರು ಮುಂದಿನ ಮನೆಗೆ ಹೋಗಿರಲಿಲ್ಲ. ಪೂಜೆ ಮುಗಿಸಿ ಪ್ರಸಾದಕ್ಕೆ ಕುಳಿತಿದ್ದರು. ಆಗ ಆ ರೊಟ್ಟಿ ನೀಡಿದ ಮನೆಯ ಒಡತಿ ಗುರುಸಂಗವ್ವ ಕಂಕುಳಲ್ಲಿ ಕೌದಿ ಇಟ್ಟುಕೊಂಡು ಬಿರಬಿರನೆ ಬಂದಳು. ಅವಳ ಹಿಂದೆ ತಲೆ ತಗ್ಗಿಸಿಕೊಂಡು ಬಂದವಳು ಲಗಮವ್ವ, ಊರವರಿಗೆಲ್ಲ ಕೌದಿ ಹೊಲಿದುಕೊಡುವವಳು.

ಗುರುಸಂಗವ್ವನ ತಾಯಿ ಹಿಂದಿನ ವರ್ಷ ತೀರಿಕೊಂಡಿದ್ದಳು. ಬಾಣಂತನ ಮುಗಿಸಿ ಗಂಡನ ಮನೆಗೆ ಹೊರಟ ತನ್ನ ಮಗಳ ಕೂಸಿಗೆಂದು ಗುರುಸಂಗವ್ವ, ಆ ತಾಯಿಯ ಹಳೆಯ ಸೀರೆಗಳನ್ನೆಲ್ಲ ಕೂಡಿಸಿ ಕೌದಿ ಹೊಲಿಯಲು ಲಗಮವ್ವನಿಗೆ ಕೊಟ್ಟಿದ್ದಳು. ಗುರುಸಂಗವ್ವನೋ, ಕಟ್ಟಿದ ಗೋಡೆಯಲ್ಲೂ ಸೊಟ್ಟ ಹುಡುಕುವ ಹೆಂಗಸು. ಆದರೆ ಈ ಸಲ ಹುಡುಕಬೇಕಾಗಿರಲಿಲ್ಲ.

"ನೋಡ್ರಿ ಅಜ್ಜಾರ, ಇದೇನು ಕೌದಿನೋ, ಎತ್ತಿನ ಮ್ಯಾಲೆ ಹಾಕೂ ಜೂಲನೋ!" ಎಂದು ಅದನ್ನು ಹಾಸಿದಳು. ದೊಡ್ಡ ದೊಡ್ಡ ಹೊಲಿಗೆ; ಸಾಲುಗಳು ಒಂದರ ಮೇಲೊಂದು ಹಾದುಹೋಗಿದ್ದವು. "ನಮ್ಮವ್ವನ ಸೀರಿ ಮತ್ತೆಲ್ಲಿಂದ ತರ್ಲಿ? ಇದನ್ನ ಹೊಚ್ಚಿ ಕಳಿಸಿದ್ರ ಬೀಗರು ನಗ್ತಾರ. ನಾ ಇದಕ್ಕ ಉಣಿಸಂಗಿಲ್ಲ. ಊರ ಮಂದಿಗೆಲ್ಲ ಗೊತ್ತಾಗ್ಲಿ."

ಆ ಊರ ಪದ್ಧತಿಯೊಂದನ್ನು ಇಲ್ಲಿ ಹೇಳಬೇಕು. ಕೌದಿ ಮುಗಿಯುವಾಗ ಹೊಲಿಯುವವಳು ಒಂದು ಮೂಲೆಯನ್ನು ತೆರೆದಿಡುತ್ತಾಳೆ. ಹೊಲಿಸಿದ ಮನೆಯವರು ಹೋಳಿಗೆಯ ಚೂರನ್ನು ಅದರೊಳಗಿಡಬೇಕು. ಆಮೇಲೆ ಮೂಲೆ ಮುಚ್ಚುತ್ತಾರೆ. ಹೊಟ್ಟೆ ಹಸಿದ ಕೌದಿಯನ್ನು ಯಾರೂ ಹೊದೆಯುವುದಿಲ್ಲ. ಉಣಿಸದೆ ಬಿಟ್ಟರೆಂದರೆ ಹೊಲಿದವಳ ಮಾನ ಹೋದಂತೆಯೇ. ಅವಳಿಗೆ ಮತ್ತೊಬ್ಬರು ಹೊಲಿಯಲು ಅರಿವೆ ಕೊಡುವುದಿಲ್ಲ. ಲಗಮವ್ವನಿಗೆ ಬೇರೆ ಕಸುಬು ಗೊತ್ತಿರಲಿಲ್ಲ.

ಅಜ್ಜನವರು ಕೌದಿಯ ಮೇಲೆ ಕೈಯಾಡಿಸಿ, "ಹೊಲಿಗಿ ಏನೂ ಛಲೋ ಆಗಿಲ್ಲ, ಲಗಮವ್ವಾ" ಎಂದರು.

ಲಗಮವ್ವ ಅಳುಮೋರೆ ಮಾಡಿದಳು. "ಖರೇ ಐತ್ರಿ. ಮದವಿ ದಿನಾ ಅಂತ ನಾಕಾರು ಮನೀವು ಕೂಡೇ ಹಿಡದ್ನಿ. ಆಸೆ ಆತ್ರಿ. ಇವರದು ಅವಸರದಾಗ ಹೊಲದ್ನಿ."

"ಬಿಚ್ಚಿ ಹೊಲದರ?"

"ಹಳೇ ಅರಬಿ ಅಜ್ಜಾರ. ಬಿಚ್ಚಿದ್ರ ಹರೀತಾವ."

ಗುರುಸಂಗವ್ವನ ಸಿಟ್ಟು ಅಲ್ಲಿಗೆ ನಿಂತಿತು. ತಾಯಿಯ ಸೀರೆಯ ಅಂಚನ್ನು ಹಿಡಿದುಕೊಂಡು ಅವಳು ಅತ್ತೇಬಿಟ್ಟಳು. ಪಾಪ, ಅವಳ ದುಃಖವೇನೂ ಸುಳ್ಳಲ್ಲ.

ಅಜ್ಜನವರು ಎದುರಿಗಿದ್ದ ರೊಟ್ಟಿಯನ್ನು ಮುರಿದು, ಒಂದು ಚೂರನ್ನು ಆ ತೆರೆದ ಮೂಲೆಯೊಳಗೆ ಇಟ್ಟರು.

ಗುರುಸಂಗವ್ವ ಬೆಚ್ಚಿದಳು. "ಅಜ್ಜಾರ! ಇಂಥಾ ಕೆಟ್ಟ ಕೆಲಸಕ್ಕ ನಿಮ್ಮ ಪ್ರಸಾದ ಉಣಿಸ್ತೀರಿ?"

"ಇದು ನಿನ್ನ ಮನೀ ರೊಟ್ಟಿನ, ತಾಯಿ. ಇಷ್ಟು ವರ್ಷ ನನಗ ನೀಡೀದಿ. ನನ್ನ ಜಪಾ ನೆಟ್ಟಗದನೋ ಸೊಟ್ಟಗದನೋ, ಒಂದಿನಾನೂ ಕೇಳಲಿಲ್ಲ."

ಇಷ್ಟು ಹೇಳಿ ಅವರು ಉಳಿದ ರೊಟ್ಟಿಯನ್ನು ತಿನ್ನತೊಡಗಿದರು. ಅವರ ಪಾಲಿಗೆ ನ್ಯಾಯ ಮುಗಿದಿತ್ತು.

ಗುರುಸಂಗವ್ವ ಕೌದಿಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ಲಗಮವ್ವನತ್ತ ಕೈ ಚಾಚಿ, "ಸೂಜಿ ಕೊಡು" ಎಂದಳು. ಮನೆಯವರು ಉಣಿಸುವುದುಂಟು, ಮೂಲೆ ಹೊಲಿಯುವುದಿಲ್ಲ. ಅದು ಹೊಲಿಯುವವಳ ಕೆಲಸ. ಆದರೂ ಲಗಮವ್ವ ಕೊಟ್ಟಳು. ಅಷ್ಟು ದಪ್ಪದ ಅರಿವೆಯಲ್ಲಿ ಸೂಜಿ ತೂರಿಸಿ ಗೊತ್ತಿಲ್ಲದ ಗುರುಸಂಗವ್ವ ಬೆರಳು ಚುಚ್ಚಿಕೊಂಡಳು, ದಾರ ಗಂಟು ಹಾಕಿಕೊಂಡಳು. ಹೇಗೋ ಮೂಲೆ ಮುಚ್ಚಿತು. ಇಡೀ ಕೌದಿಯಲ್ಲಿ ಅದಕ್ಕಿಂತ ಕೆಟ್ಟ ಹೊಲಿಗೆ ಇರಲಿಲ್ಲ. ಲಗಮವ್ವ ನಗು ತಡೆಯಲು ಸೆರಗು ಬಾಯಿಗೆ ಹಿಡಿದಳು. ಅದನ್ನು ಕಂಡು ಗುರುಸಂಗವ್ವನೂ ಕಣ್ಣೊರೆಸಿಕೊಳ್ಳುತ್ತಲೇ ನಕ್ಕಳು.

ಮುಂದೆ ಲಗಮವ್ವ ಒಂದು ಮನೆಯದು ಮುಗಿಯದೆ ಇನ್ನೊಂದು ಮನೆಯ ಅರಿವೆ ಮುಟ್ಟಲಿಲ್ಲ. ಕೌದಿ ತೊಟ್ಟಿಲಿನೊಂದಿಗೆ ಬೀಗರ ಊರಿಗೆ ಹೋಯಿತು; ಮಗಳನ್ನೂ ಕೂಸನ್ನೂ ಬಿಡಲು ಗುರುಸಂಗವ್ವನೂ ಹೋಗಿದ್ದಳು. ಅಲ್ಲಿ ಬೀಗಿತಿ ಅದನ್ನು ಬಿಡಿಸಿ ನೋಡಿ, "ಯಾರರೀ ಇದನ್ನ ಹೊಲದಾಕಿ?" ಎಂದು ಮೂಗು ಮುರಿದಳಂತೆ.

ಊರೆಲ್ಲರ ತಪ್ಪು ಎಣಿಸುತ್ತಿದ್ದ ಗುರುಸಂಗವ್ವ ಮೊಮ್ಮಗುವಿಗೆ ಆ ಕೌದಿಯನ್ನು ಹೊದಿಸುತ್ತ ಹೇಳಿದಳು: "ನಮ್ಮೂರ ಲಗಮವ್ವರೀ. ಈ ಮೂಲಿ ಅಷ್ಟು ನಂದು."