ತಾತನಿಗೆ ಬಸ್ಸಾರು, ಚಿಕ್ಕೀರನ ಕಾರುಬಾರು

ಕೇಳ್ರಪ್ಪೋ ಕೇಳಿ, ನಂಬಕ್ಕೇ ಆಗಲ್ಲ! ಈಗ, ಈಗ್ತಾನೆ, ಚಿಕ್ಕೀರನ ಮನೇಲಿ ಆಗಿದ್ದು! ಕೂತ್ಕೊಳಿ, ಕೂತ್ಕೊಳಿ, ಮೊದ್ಲಿಂದ ಹೇಳ್ದೆ ಹೋದ್ರೆ ತಿಳಿಯಲ್ಲ.

ಚಿಕ್ಕೀರ ಯಾರು ಅಂದ್ರೆ ಮಂಚಮ್ಮನ ಒಬ್ಬನೇ ಮಗ. ಆಳು ನೋಡಿದ್ರೆ ತೊಲೆ, ಬುದ್ಧಿ ನೋಡಿದ್ರೆ ತೂತು ಗಡಿಗೆ. ಹೇಳಿದ್ದನ್ನ ಹೇಳಿದ ಹಂಗೇ ಮಾಡೋನು. ಯಾಕೆ ಹೇಳಿದ್ರು ಅಂತ ಮಾತ್ರ ಒಂದಿನಾನೂ ಕೇಳ್ದೋನಲ್ಲ. ಮಂಚಮ್ಮ ಹಣೆ ಚಚ್ಕೊಂಡೂ ಚಚ್ಕೊಂಡೂ ಕುಂಕುಮವೇ ನಿಲ್ತಿರ್ಲಿಲ್ಲ!

ಅವನ ತಾತನಿಗೆ ಜ್ವರ ಬಂದು ಬಿಟ್ಟಿತ್ತು. ಜ್ವರ ಬಿಟ್ಟಿತ್ತು ಅಷ್ಟೆ, ತಾತ ಹಾಸಿಗೆ ಬಿಟ್ಟಿರ್ಲಿಲ್ಲ. ಗಂಜಿ ಕೊಟ್ರೆ ಮುಖ ಆ ಕಡೆ, ಹಾಲು ಕೊಟ್ರೆ ಮುಖ ಈ ಕಡೆ. "ಹಿಂಗೇ ಉಪವಾಸ ಬಿದ್ರೆ ಮಾವ ಉಳಿಯಲ್ಲ" ಅಂತ ಮಂಚಮ್ಮನಿಗೆ ಎದೆ ಪುಕಪುಕ. ಇವತ್ತು ಬೆಳಗ್ಗೆ ತಾತ ತಾನಾಗೇ ಬಾಯಿ ಬಿಟ್ರು:

"ಮಂಚೀ, ಮಳೆ ಬಿದ್ದು ಹೊಲದಲ್ಲಿ ಬೆರಕೆಸೊಪ್ಪು ಎದ್ದಿರ್ಬೇಕಲ್ವಾ? ಒಂದು ಬಟ್ಟಲು ಬಸ್ಸಾರು ಮಾಡ್ಕೊಡವ್ವ."

ಮಂಚಮ್ಮ ಕುಣಿದಾಡಿಬಿಟ್ಲು! "ಓಡ್ಲಾ ಚಿಕ್ಕೀರಾ! ಅಣ್ಣೆ, ಗಣಿಕೆ, ಕೀರೆ, ಎಲ್ಲ ಕಿತ್ಕೊಂಡು ಬಂದು ಗಡಿಗೆಗೆ ಹಾಕು!"

ಓಡ್ದ. ಕಿತ್ತ. ತಂದ. ಗಡಿಗೆಗೆ ಹಾಕ್ದ. ಬೇರು, ಮಣ್ಣು, ಎರೆಹುಳ, ಎಲ್ಲ ಸಮೇತ ಹಾಕ್ದ!

"ಅಯ್ಯೋ ಮೂದೇವಿ! ತಾತನಿಗೆ ಹುಳ ತಿನ್ನಿಸ್ತೀಯಾ? ಏನೇ ತಂದ್ರೂ ಮೊದ್ಲು ಮೂರು ನೀರಲ್ಲಿ ತೊಳೀಬೇಕು! ತಿಳೀತೇನ್ಲಾ?"

"ತಿಳೀತವ್ವಾ!"

ಮಂಚಮ್ಮನೇ ಸೊಪ್ಪು ಬಿಡಿಸಿ ತೊಳೆದ್ಲು. ಒಲೆ ಹಚ್ಚೋಣ ಅಂದ್ರೆ ಬೆಂಕಿಪೊಟ್ಣ ಥಂಡಿಗೆ ಮೆತ್ತಗಾಗಿತ್ತು.

"ಲೋ, ನಿಂಗಾಜಮ್ಮನ ಮನೆಗೆ ಹೋಗಿ ಒಂದು ಚಿಪ್ಪು ಕೆಂಡ ಇಸ್ಕೊಂಡು ಬಾ!"

ಓಡ್ದ. ಪಕ್ಕದ್ಮನೆ ನಿಂಗಾಜಮ್ಮ ನಿಗಿನಿಗಿ ಕೆಂಡ ಕೊಟ್ಲು. ಬಾಗಿಲತ್ರ ಬಂದ. ಅವ್ವ ಏನಂದಿದ್ಲು? ಏನೇ ತಂದ್ರೂ ತೊಳಿ! ಒಂದು ನೀರಿಗೆ ಅದ್ದಿದ, ಚುಂಯ್! ಎರಡನೇ ನೀರಿಗೆ ಅದ್ದಿದ, ಚುಸ್! ಮೂರನೇ ನೀರಿಗೆ ಸದ್ದೇ ಇಲ್ಲ.

"ಅವ್ವಾ, ನೋಡು, ಒಂದು ಚೂರು ಕೊಳೆ ಇಲ್ಲ!"

"ಕೆಂಡ ತೊಳೆದ್ಯೇನೋ ನನ್ ಹೊಟ್ಟೆ ಉರ್ಸಕ್ಕೆ! ನೀರು ಸೋಕಿಸ್ಬಾರ್ದು ಕಣ್ಲಾ! ದಾರಿ ಉದ್ದಕ್ಕೂ ಉಫ್ ಉಫ್ ಅಂತ ಊದ್ತಾ ಊದ್ತಾ ತರಬೇಕು! ತಿಳೀತೇನ್ಲಾ?"

"ತಿಳೀತವ್ವಾ!"

ಕೊನೆಗೆ ಅವಳೇ ಹೋಗಿ ಕೆಂಡ ತಂದ್ಲು. ಒಲೆ ಉರೀತು, ತೊಗರಿಬೇಳೆ ಕುದೀತು, ಸೊಪ್ಪೂ ಬಿತ್ತು. ಘಮ್ಮಂತು! ಒಳಗಿಂದ ತಾತ, "ಆಯ್ತೇನವ್ವಾ?" ಅಂದ್ರು.

"ಆಯ್ತು ಮಾವ, ಆಯ್ತು!" ಡಬ್ಬ ತೆಗೀತಾಳೆ, ಸಾರಿನ ಪುಡಿ ಖಾಲಿ! "ಓಡ್ಲಾ, ನಿಂಗಾಜಮ್ಮನ ಹತ್ರ ಒಂದು ಚಿಪ್ಪು ಪುಡಿ ತಾ!"

ಓಡ್ದ. ಚಿಪ್ಪು ತುಂಬ ಕೆಂಪು ಕೆಂಪು ಪುಡಿ. ಅವ್ವ ಏನಂದಿದ್ಲು? ಊದ್ತಾ ಊದ್ತಾ ತಾ! ಉಫ್! ನಿಂಗಾಜಮ್ಮ, "ಆಕ್ಷೀ!" ಉಫ್! ಜಗುಲಿ ಮೇಲಿದ್ದ ಅವಳ ಗಂಡ, "ಆಕ್ಷೀ! ಯಾವನ್ಲಾ ಅವ್ನು?" ಉಫ್ ಉಫ್! ನಾಯಿ, ಕೋಳಿ, ಎಲ್ಲಕ್ಕೂ ಸೀನೋ ಸೀನು! ಚಿಕ್ಕೀರ ಕಣ್ಣು ಮುಚ್ಕೊಂಡು, ಗೋಡೆ ಸವರ್ಕೊಂಡು, ಬರೀ ಚಿಪ್ಪು ತಂದ!

"ಅವ್ವಾ, ಆರದಂಗೆ ತಂದಿದ್ದೀನಿ!"

"ಅಯ್ಯಯ್ಯೋ! ಇವನನ್ನ ಯಾಕಾದ್ರೂ ಹೆತ್ತೆನೋ! ಬೇಡ, ನೀನು ಹೋಗ್ಲೇಬೇಡ. ನಾನೇ ಹೋಗ್ತೀನಿ. ಸೊಪ್ಪು ಬೆಂದಿದೆ. ಗಡಿಗೆ ಬಾಯಿಗೆ ತಟ್ಟೆ ಹಿಡ್ದು, ತಳ ಮೇಲಕ್ಕೆತ್ತಿ, ಬಗ್ಗಿಸಿ ಬಸಿದಿಡು. ಅಷ್ಟೇ. ತಿಳೀತೇನ್ಲಾ?"

"ತಿಳೀತವ್ವಾ!"

ತಟ್ಟೆ ಹಿಡ್ದ. ತಳ ಎತ್ತಿದ. ಬಸಿದ. ಒಂದು ತೊಟ್ಟೂ ಚೆಲ್ಲಲಿಲ್ಲ, ಭೇಷ್! ಆದ್ರೆ ನೆನ್ನೆ ಅನ್ನ ಬಸಿದಾಗ ಅವ್ವ ಏನಂದಿದ್ಲು? ಬಸಿದ ನೀರು ಎಮ್ಮೆಗೆ ಹುಯ್ಯಿ! ಕೊಟ್ಟಿಗೆಗೆ ಹೊತ್ಕೊಂಡು ಹೋದ, ಆರಿಸ್ದ, ಕಲಗಚ್ಚಿನ ಬಾನಿಗೆ ಹುಯ್ದ. ಎಮ್ಮೆ ಸೊರ್‌ರ್‌ರ್‌ ಅಂತ ಒಂದೇ ಉಸಿರಿಗೆ ಕುಡಿದು ಬಾನಿನೂ ನೆಕ್ಕಿಬಿಡ್ತು!

ಮಂಚಮ್ಮ ಪುಡಿ ತಂದ್ಲು. "ಬಸಿದ ನೀರೆಲ್ಲೋ?"

"ಎಮ್ಮೆ ಕುಡೀತವ್ವಾ!"

ಮಂಚಮ್ಮ ಅಲ್ಲೇ ಕುಸಿದು ಕೂತ್ಲು. "ಅಯ್ಯೋ ಪಾಪಿ! ಆ ನೀರೇ ಅಲ್ವೇನೋ ಸಾರು! ಅದಕ್ಕೇ ಹುಳಿ, ಖಾರ ಹಾಕಿ ಕುದಿಸೋದು! ಮಾವ ಎಷ್ಟು ದಿನದ ಮೇಲೆ ಬಾಯಿ ಬಿಟ್ಟು ಕೇಳಿದ್ರು! ಸಾರು ಯಾವುದ್ರಲ್ಲಾದ್ರೂ ಇರ್ಲಿ, ಮೊದ್ಲು ಒಯ್ದು ತಾತನ ಮುಂದೆ ಇಡ್ಬೇಕು ಕಣೋ!" ಅಂತ ಸೆರಗು ಬಾಯಿಗಿಟ್ಕೊಂಡು ಅತ್ತೇಬಿಟ್ಲು.

ಅವ್ವ ಅಳೋದು ಕಂಡು ಚಿಕ್ಕೀರ ಅವಳ ಕಣ್ಣು ಒರೆಸ್ದ. "ಅಳಬೇಡವ್ವಾ, ಈಗ್ಲೇ ಇಡ್ತೀನಿ!"

ಓಡ್ದ. ಎಮ್ಮೆ ಹಗ್ಗ ಬಿಚ್ಚಿದ. ಎಳ್ದ. ಹೊಸ್ತಿಲು ದಾಟಿಸ್ದ. ನಡುಮನೇಲಿ ನೀರಿನ ಕೊಡ ಉರುಳ್ತು, ಮೊರ ಮುರೀತು, ಸೀದಾ ತಾತನ ಹಾಸಿಗೆ ಮುಂದೆ ತಂದು ನಿಲ್ಲಿಸ್ದ!

ತಾತ ಕಣ್ಣು ಬಿಡ್ತಾರೆ, ಮೂಗಿನ ಮೇಲೆ ಎಮ್ಮೆ ಮೂತಿ! ದಡಕ್ಕನೆ ಎದ್ದು ಕೂತ್ರು! ಯಾರ ಕೈಯೂ ಹಿಡೀಲಿಲ್ಲ!

"ಏನ್ಲಾ ಇದು?"

"ಸಾರು ತಾತಾ! ಒಳಗೈತೆ! ಇನ್ನೂ ಬೆಚ್ಚಗೈತೆ!"

ತಾತ ಎಮ್ಮೆನ ನೋಡಿದ್ರು, ಮೊಮ್ಮಗನ್ನ ನೋಡಿದ್ರು, ಕಿಸಕ್ ಅಂದ್ರು. ಆಮೇಲೆ ನಕ್ರು ನೋಡಿ, ಪಕ್ಕೆ ಹಿಡ್ಕೊಂಡು ನಕ್ರು! "ಮಂಚೀ! ನಕ್ಕೂ ನಕ್ಕೂ ಹೊಟ್ಟೆ ಹಸೀತದೆ ಕಣವ್ವ! ಬಸಿದು ಉಳಿದ ಸೊಪ್ಪು ಐತಲ್ಲ, ಒಗ್ಗರಣೆ ಹಾಕಿ ಪಲ್ಯ ಮಾಡು, ಮುದ್ದೆ ತಿರುವು!"

ಮುದ್ದೆ! ತಾತ ಮುದ್ದೆ ಕೇಳಿದ್ರು! ಮಂಚಮ್ಮ ಅಳ್ತಾನೇ ನಗ್ತಾ, ನಗ್ತಾನೇ ಓಡಿ ಮುದ್ದೆ ತಿರುವಿದ್ಲು. ತಾತ ಒಂದು ತುತ್ತು ನುಂಗಿದ್ರು, ಇನ್ನೊಂದು ನುಂಗಿದ್ರು, "ಸಾರೊಂದು ಇದ್ದಿದ್ರೆ..." ಅಂದ್ರು.

ಅಂದಿದ್ದೇ ತಡ! ಚಿಕ್ಕೀರ ಎದ್ದ. ಸಾರು ಬಸಿಯೋದು ಹೆಂಗೆ ಅಂತ ಅವ್ವ ಹೇಳ್ಕೊಟ್ಟಿದ್ಲಲ್ಲ? ತಾತನ ಕೈಗೆ ಒಂದು ದೊಡ್ಡ ತಟ್ಟೆ ಕೊಟ್ಟ. "ತಾತಾ, ಎಮ್ಮೆ ಬಾಯಿಗೆ ಗಟ್ಟಿಯಾಗಿ ಹಿಡ್ಕೋ!" ಅಂದ. ತಾನು ಎಮ್ಮೆ ಹಿಂದುಗಡೆ ಹೋಗಿ, ಹಿಂಗಾಲು ಎರಡೂ ತಬ್ಕೊಂಡು, "ಏಯ್ಸಾ!" ಅಂತ ತಳ ಮೇಲಕ್ಕೆತ್ತಕ್ಕೆ ನಿಂತ!

ತಾತ ನಗು ತಡೀದೆ ತಟ್ಟೆ ಹಿಡ್ದವ್ರೆ. ಎಮ್ಮೆ ಕಿವಿ ನೆಟ್ಟಗೆ ಮಾಡೈತೆ. ಮಂಚಮ್ಮ ಮುದ್ದೆ ಕೋಲು ಎತ್ಕೊಂಡು ನಿಂತವ್ಳೆ, ಮಗನಿಗೆ ಬಾರಿಸ್ಬೇಕೋ, ಮುದ್ದು ಮಾಡ್ಬೇಕೋ, ಒಂದು ಕಾಲು ತಾನೂ ಹಿಡಿಬೇಕೋ ತಿಳೀದೆ! ಹೇಳ್ರಪ್ಪಾ, ನೀವಾಗಿದ್ರೆ ಏನ್ ಮಾಡ್ತಿದ್ರಿ?