ಡಿಸ್ಕಿನ ಮೇಲಿನ ಕುಂಕುಮ

ಚಳ್ಳಕೆರೆಯಲ್ಲಿ ದಾದಾಪೀರ್ ಎಂಬುವನು ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದ. ಫೋಟೋ ತೆಗೆಯುತ್ತಿದ್ದ. ಮದುವೆ, ನಾಮಕರಣದ ಹಳೇ ಡಿಸ್ಕುಗಳನ್ನು ಕಾಪಿ ಮಾಡಿ ಪೆನ್ ಡ್ರೈವಿಗೂ ಹಾಕಿಕೊಡುತ್ತಿದ್ದ.

ಒಂದು ದಿನ ಬೆಳಗ್ಗೆ ಪಾಲಯ್ಯ ಎಂಬ ಗಾರೆ ಮೇಸ್ತ್ರಿ ಬಂದ. ಟವಲಿನಲ್ಲಿ ಸುತ್ತಿದ್ದ ಒಂದು ಡಿಸ್ಕನ್ನು ಮೇಜಿನ ಮೇಲಿಟ್ಟ.

"ಮಗಳ ಸೀಮಂತದ್ದು ಸಾಬ್ರೆ. ಇದ್ರಾಗೆ ನಮ್ಮನೆಯವಳು ಮಾತಾಡ್ತಾಳೆ. ಕಾಪಿ ಮಾಡ್ಕೊಡಿ."

ಪಾಲಯ್ಯನ ಹೆಂಡತಿ ಓಬಮ್ಮ ತೀರಿಕೊಂಡು ವರ್ಷ ತುಂಬಿರಲಿಲ್ಲ. ಮನೆಯಲ್ಲಿ ಅವಳ ಫೋಟೋ ಇತ್ತು. ಫೋಟೋ ಮಾತಾಡುವುದಿಲ್ಲ. ಅವಳ ದನಿ ಉಳಿದಿದ್ದು ಈ ಡಿಸ್ಕಿನಲ್ಲಿ ಮಾತ್ರ. ಅದೂ ಕೊನೆಗೆ, ಆರತಿ ಆದಮೇಲೆ. ಆಗ ಕ್ಯಾಮೆರಾ ಅವಳ ಕಡೆ ತಿರುಗಿದ್ದು ಪಾಲಯ್ಯನಿಗೆ ನೆನಪಿತ್ತು. ಅವಳು ಏನಂದಳು ಎನ್ನುವುದು ಮರೆತುಹೋಗಿತ್ತು. ಪಕ್ಕದ ಮನೆಯಲ್ಲಿ ಹಾಕಿ ನೋಡಿದರೆ ಆರತಿಯ ಹತ್ತಿರ ಚಿತ್ರ ಚೂರು ಚೂರಾಗಿ ನಿಂತುಬಿಡುತ್ತಿತ್ತು.

ದಾದಾಪೀರ್ ಡಿಸ್ಕನ್ನು ಕಂಪ್ಯೂಟರಿಗೆ ಹಾಕಿದ. ಕಾಪಿ ಮುಂದೆ ಮುಂದೆ ಹೋಯಿತು. ಕೊನೆಯ ಹತ್ತಿರ ನಿಂತಿತು.

ಬೇರೆಯವರಾಗಿದ್ದರೆ ಡಿಸ್ಕು ಹಾಳಾಗಿದೆ, ತಗೊಂಡು ಹೋಗಿ ಅನ್ನುತ್ತಿದ್ದರು. ದಾದಾಪೀರ್ ಹಾಗನ್ನಲಿಲ್ಲ. ಮೊದಲು ತನ್ನ ಯಂತ್ರವನ್ನೇ ಅನುಮಾನಿಸಿದ. ಬೇರೆ ಡಿಸ್ಕು ಹಾಕಿ ನೋಡಿದ. ಅದು ಸರಾಗ ಕಾಪಿ ಆಯಿತು. ಯಂತ್ರ ಸರಿಯಿದೆ ಎಂದಾಯಿತು. ಪಾಲಯ್ಯನ ಡಿಸ್ಕನ್ನು ಮತ್ತೆ ಹಾಕಿ ವೇಗ ಕಡಿಮೆ ಮಾಡಿದ. ಅಲ್ಲೇ ನಿಂತಿತು. ಒಳಗಿನ ಕೋಣೆಯ ಹಳೇ ಕಂಪ್ಯೂಟರಿಗೆ ಹಾಕಿದ. ಅಲ್ಲೇ ನಿಂತಿತು.

"ಒಂದೊಂದು ಸಲ ಒಂದೊಂದು ಕಡೆ ನಿಂತ್ರೆ ಯಂತ್ರದ ತಪ್ಪು ಮೇಸ್ತ್ರಿ," ಅಂದ. "ಇದು ಒಂದೇ ಕಡೆ ನಿಲ್ತಿದೆ. ಡಿಸ್ಕಲ್ಲೇ ಏನೋ ಇದೆ."

ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿದ. ಹೊಳೆಯುವ ಕಡೆ, ಅಂಚಿನಲ್ಲಿ, ಒಂದು ಕೆಂಪು ಬೊಟ್ಟು. ಒಣಗಿ ಅಂಟಿಕೊಂಡಿತ್ತು.

"ಮೇಸ್ತ್ರಿ, ಇದಕ್ಕೆ ಪೂಜೆ ಮಾಡಿದ್ರಾ?"

"ಅವಳು ಮಾಡಿದ್ಳು. ಹೊಸ ಸಾಮಾನು ಮನೆಗೆ ಬಂದ್ರೆ ದೇವರ ಮುಂದೆ ಇಡದೆ ಮುಟ್ಟೋಳೇ ಅಲ್ಲ."

ಓಬಮ್ಮ ಹೊಸ ಕುಕ್ಕರಿಗೆ ಕುಂಕುಮ ಇಟ್ಟಿದ್ದಳು. ಸೈಕಲ್ಲಿಗೆ ಇಟ್ಟಿದ್ದಳು. ಡಿಸ್ಕಿಗೂ ಇಟ್ಟಳು. ಹೊಳೆಯುವ ಕಡೆಯೇ ಅದರ ಮುಖ ಅಂದುಕೊಂಡಳು. ಯಾರಾದರೂ ಹಾಗೇ ಅಂದುಕೊಳ್ಳುತ್ತಾರೆ. ನಡುವೆ ತೂತಿತ್ತು. ಅದಕ್ಕೆ ಅಂಚಿಗೆ ಇಟ್ಟಳು.

ದಾದಾಪೀರ್ ಮೆಲ್ಲಗೆ ಹೇಳಿದ. "ಯಂತ್ರ ಈ ಹೊಳೆಯೋ ಕಡೆಯಿಂದಲೇ ಓದೋದು. ಬೆಳಕು ಹಾಯಿಸಿ, ನಡುವಿಂದ ಶುರುಮಾಡಿ ಕೊನೆಗೆ ಅಂಚಿಗೆ ಬರುತ್ತೆ. ಅಲ್ಲಿ ಬೆಳಕಿಗೆ ಕುಂಕುಮ ಅಡ್ಡ ಬಂದಿದೆ. ಒರೆಸಿದ್ರೆ ಓದಬಹುದು. ಒರೆಸ್ಲಾ?"

ಪಾಲಯ್ಯ ಬಗ್ಗಿ ನೋಡಿದ. ಬೊಟ್ಟಿನಲ್ಲಿ ಬೆರಳಿನ ಗೆರೆ ಕಾಣುತ್ತಿತ್ತು.

"ಬ್ಯಾಡ," ಅಂದ. "ಅದು ಅವಳ ಬೆರಳು."

ಡಿಸ್ಕನ್ನು ಟವಲಿನಲ್ಲಿ ಸುತ್ತಿಕೊಂಡು ಹೊರಟೇಹೋದ. ದಾದಾಪೀರ್ ತಡೆಯಲಿಲ್ಲ.

ಟೀ ಕೊಡಲು ಬಂದ ಹೋಟೆಲ್ ರೇವಣ್ಣ ಇದನ್ನೆಲ್ಲ ನೋಡುತ್ತಾ ನಿಂತಿದ್ದ. "ಎಂಥ ಮನುಷ್ಯ ರೀ ನೀವು! ಬೆಳಗ್ಗೆಯಿಂದ ಒದ್ದಾಡಿದ್ರಿ. ಒಳಗಿನ ಕೋಣೆಗೆ ಹೋಗಿದ್ರಲ್ಲ, ಅಲ್ಲೇ ಒರೆಸಿ ತಂದಿದ್ರೆ ಆಗ್ತಿತ್ತು. ಆವಯ್ಯನಿಗೆ ಏನು ಗೊತ್ತಾಗ್ತಿತ್ತು?"

"ಗೊತ್ತಾಗ್ತಿರಲಿಲ್ಲ."

"ಮತ್ತೆ?"

"ಅದಕ್ಕೇ ಕೇಳಿದ್ದು," ಅಂದ ದಾದಾಪೀರ್.

ರೇವಣ್ಣ ತಲೆ ಕೆರೆದುಕೊಂಡು ಲೋಟ ಎತ್ತಿಕೊಂಡು ಹೋದ.

ಪಾಲಯ್ಯ ಕೆಲಸಕ್ಕೆ ಹೋದ. ಹೊಸ ಮನೆಯೊಂದರ ಗೋಡೆಗೆ ಗಾರೆ ಮಾಡುತ್ತಿದ್ದ. ಕರಣೆ ಕೈಗೆ ತಗೊಂಡ. ಸಿಮೆಂಟು ಎತ್ತಿದ. ಗೋಡೆಗೆ ಹಾಕಲಿಲ್ಲ. ಕರಣೆಯನ್ನೇ ನೋಡುತ್ತಾ ನಿಂತ. ಬಹಳ ಹೊತ್ತು ನಿಂತ. ಆಮೇಲೆ ಅದನ್ನು ತೊಳೆದಿಟ್ಟು, ಸಿಮೆಂಟಿನ ಬಟ್ಟೆಯಲ್ಲೇ ಸ್ಟುಡಿಯೋಗೆ ಬಂದ.

"ಸಾಬ್ರೆ, ಆಯುಧಪೂಜೆಗೆ ನನ್ನ ಕರಣೆಗೂ ಕುಂಕುಮ ಇಡೋಳು. ಮಾರನೇ ದಿನ ಸಿಮೆಂಟು ಮೆತ್ತಿ ಅದು ಹೋಗೋದು. ಹೋಯ್ತಲ್ಲ ಅಂತ ಒಂದು ದಿನಾನೂ ಬೈಲಿಲ್ಲ. ಕರಣೆ ಮೂಲೆಯಾಗೆ ಕೂತಿದ್ರೆ ಬೈಯೋಳು." ಟವಲು ಬಿಚ್ಚಿ ಡಿಸ್ಕನ್ನು ಮೇಜಿನ ಮೇಲಿಟ್ಟ. "ಇದೂ ಮೂಲೆಯಾಗೆ ಕೂತ್ರೆ ಅವಳು ಸುಮ್ನಿರ್ತಾಳಾ? ಒರೆಸಿ."

ದಾದಾಪೀರ್ ಮೆತ್ತನೆ ಬಟ್ಟೆಯ ತುದಿಯನ್ನು ನೀರಿನಲ್ಲಿ ಅದ್ದಿ ಹಿಂಡಿದ. ಅದನ್ನು ಪಾಲಯ್ಯನ ಕೈಗೇ ಕೊಟ್ಟ. "ನಾನಲ್ಲ. ನೀವೇ ಒರೆಸಬೇಕು."

ಪಾಲಯ್ಯ ಬಟ್ಟೆ ಇಟ್ಟ. ಗಾರೆ ಕೈ ಅಲ್ಲವೇ? ಗುಂಡಗೆ ತಿರುಗಿಸಲು ಹೋಯಿತು. ದಾದಾಪೀರ್ ಗಬಕ್ಕನೆ ಮಣಿಕಟ್ಟು ಹಿಡಿದ.

"ಗೋಡೆ ಅಲ್ಲ ಮೇಸ್ತ್ರಿ! ಸುತ್ತ ತಿಕ್ಕಬೇಡಿ. ಇದರಲ್ಲಿ ಬರೆದಿರೋದೇ ಸುತ್ತಲೂ. ಹಂಗೇ ಗೀರು ಬಿದ್ರೆ ಮಾತು ಪೂರಾ ಹೋಗುತ್ತೆ. ನಡುವಿಂದ ಅಂಚಿಗೆ, ನೆಟ್ಟಗೆ ಎಳೀರಿ."

ಪಾಲಯ್ಯ ನೆಟ್ಟಗೆ ಎಳೆದ. ಮೆಲ್ಲಗೆ ಎಳೆದ. ಬಟ್ಟೆ ಕೆಂಪಾಯಿತು. ಡಿಸ್ಕು ಬೆಳ್ಳಗಾಯಿತು. ಒಂದು ಗೀರೂ ಬೀಳಲಿಲ್ಲ.

ಕಾಪಿಗೆ ಹಾಕಿದರು. ಅದೇ ಜಾಗಕ್ಕೆ ಬಂದು ಮತ್ತೆ ನಿಂತಿತು. ಪಾಲಯ್ಯ ಕಣ್ಣು ಮುಚ್ಚಿಕೊಂಡ. ಬೆರಳೂ ಹೋಯಿತು, ಮಾತೂ ಹೋಯಿತು ಅಂದುಕೊಂಡ.

"ತಾಳಿ," ಅಂದ ದಾದಾಪೀರ್. "ಈಗ ಅಡ್ಡ ಏನಿಲ್ಲ. ಆತುರ ಮಾಡಬಾರದು ಅಷ್ಟೆ." ವೇಗವನ್ನು ಎಲ್ಲಕ್ಕಿಂತ ಕಡಿಮೆಗೆ ಇಳಿಸಿದ. ಅಂಗಡಿಗೆ ಬಂದವರನ್ನು ಆಮೇಲೆ ಬನ್ನಿ ಎಂದು ಕಳಿಸಿದ. ಡಿಸ್ಕು ತಿಣುಕಿತು. ತಡೆಯಿತು. ಆಮೇಲೆ ದಾಟಿತು. ಕೊನೆಯವರೆಗೂ ಬಂತು.

ಕಾಪಿಯನ್ನು ಹಾಕಿ ನೋಡಿದರು. ಆರತಿ ಮುಗಿಯಿತು. ತಟ್ಟೆ ಹಿಡಿದ ಓಬಮ್ಮ ಈ ಕಡೆ ತಿರುಗಿದಳು.

"ಏ, ನನ್ನನ್ನೇನು ಹಿಡೀತೀಯೋ? ನನ್ನ ಮಗಳನ್ನ ಹಿಡಿ," ಅಂತ ಕ್ಯಾಮೆರಾದವನಿಗೆ ಗದರಿದಳು. ಆಮೇಲೆ ಬಾಗಿಲ ಕಡೆ ನೋಡಿದಳು. "ಅಲ್ಲಿ ನೋಡು! ಎಲ್ರೂ ಉಂಡ್ರು, ಈವಯ್ಯ ಒಬ್ಬ ಗೋಡೆ ಕಾಯ್ತಾ ನಿಂತವ್ನೆ. ಬಾರಯ್ಯ, ಎಲೆ ಹಾಕೀನಿ. ಸಾರು ಆರ್ತೈತೆ."

ಪಾಲಯ್ಯ ಕುರ್ಚಿಯಿಂದ ಎದ್ದುನಿಂತ.

"ಬಂದೆ," ಅಂದ.

ದಾದಾಪೀರ್ ಅವನ ಮುಖ ನೋಡಲಿಲ್ಲ. ಇನ್ನೊಂದು ಸಲ ಹಾಕಿದ.

ನೀತಿ: ಮಕ್ಕಳೇ, ಕೆಟ್ಟದ್ದನ್ನು ಸರಿಮಾಡಲು ಬಲ್ಲವರು ಬಹಳ ಜನ ಇದ್ದಾರೆ. ಕೈ ಹಾಕುವ ಮುಂಚೆ ಕೇಳುವವರು, ಬೇಡ ಅಂದರೆ ಕಾಯುವವರು ಕಡಿಮೆ. ಅಂಥವರು ಸಿಕ್ಕರೆ ಅವರಿಂದ ಕಲಿಯಿರಿ. ಇನ್ನು, ಹೋದವರು ಇಟ್ಟ ಗುರುತು ದೊಡ್ಡದು. ಅದನ್ನು ಯಾಕೆ ಇಟ್ಟರು ಎನ್ನುವುದು ಅದಕ್ಕಿಂತ ದೊಡ್ಡದು.